ಕಾನ್ಸಾಸ್ ಬ್ಯಾಸ್ಕೆಟ್‌ಬಾಲಿನ ಗುರುಪರಂಪರೆ

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಮೊದಲ ಪಂದ್ಯ ಆಡಿದ್ದು 1899ರ ಫೆಬ್ರುವರಿ 3ರಂದು. ಎದುರಾಳಿ ಕಾನ್ಸಾಸ್ ಸಿಟಿಯ ವೈಎಂಸಿಎ ತಂಡ. ವಿದ್ಯಾರ್ಥಿಗಳು 5–16ರಿಂದ ಸೋತರು. ಆ ತಂಡವನ್ನು ಕಟ್ಟಿದವರು ಜೇಮ್ಸ್ ನೈಸ್ಮಿತ್, ಬ್ಯಾಸ್ಕೆಟ್‌ಬಾಲ್ ಎಂಬ ಆಟವನ್ನೇ ಹುಟ್ಟುಹಾಕಿದವರು. ಅಂದಿನಿಂದ ಇಂದಿನವರೆಗೆ, ಒಂದೂಕಾಲು ಶತಮಾನದಲ್ಲಿ, ಈ ತಂಡಕ್ಕೆ ಮುಖ್ಯ ಕೋಚ್ ಆಗಿದ್ದವರು ಕೇವಲ ಎಂಟು ಮಂದಿ. ಅವರಲ್ಲಿ ಹೆಚ್ಚಿನವರು ತಮಗಿಂತ ಹಿಂದಿನವರ ಶಿಷ್ಯರು, ಇಲ್ಲವೇ ಆ ಶಿಷ್ಯರ ಶಿಷ್ಯರು. ‘ಜೇಹಾಕ್ಸ್’ ಎಂದು ಹೆಸರಾದ ಈ ತಂಡದ ಚರಿತ್ರೆಯನ್ನು ಗೆದ್ದ ಕಪ್‌ಗಳ ಲೆಕ್ಕಕ್ಕಿಂತ ಈ ಗುರುಶಿಷ್ಯರ ಕೊಂಡಿಯೇ ಚೆನ್ನಾಗಿ ಹೇಳುತ್ತದೆ.

ನೈಸ್ಮಿತ್ 1861ರಲ್ಲಿ ಕೆನಡಾದ ಆಲ್ಮಾಂಟ್‌ನಲ್ಲಿ ಹುಟ್ಟಿದವರು. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಅವರು ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ಯುವಕರಿಗೆ ಒಳಾಂಗಣದ ಆಟವೊಂದು ಬೇಕಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಬಾಲ್ಕನಿ ಕಟಕಟೆಗೆ ಹೊಡೆಸಿ, ಕಾಲ್ಚೆಂಡನ್ನೇ ಕೈಗೆ ಕೊಟ್ಟು, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಮುಂದೆ ಡೆನ್ವರ್‌ನಲ್ಲಿ ವೈದ್ಯಕೀಯ ಓದಿ, 1898ರಲ್ಲಿ ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣಕ್ಕೆ ಬಂದರು. ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡದ್ದು ಪ್ರಾರ್ಥನಾ ಮಂದಿರದ ಹೊಣೆ ಹೊರಲು ಮತ್ತು ವ್ಯಾಯಾಮ ಕಲಿಸಲು. ಬ್ಯಾಸ್ಕೆಟ್‌ಬಾಲ್ ಅವರ ಜೊತೆಗೆ ಬಂತು.

ಒಂಬತ್ತು ಋತುಗಳಲ್ಲಿ ನೈಸ್ಮಿತ್ ಅವರ ತಂಡ 55 ಪಂದ್ಯ ಗೆದ್ದು 60 ಸೋತಿತು. ಕಾನ್ಸಾಸ್‌ನ ಎಂಟು ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೇ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ, ಏಕೆಂದರೆ ಅವರು ಅಳೆಯುತ್ತಿದ್ದ ಕೋಲೇ ಬೇರೆ. ಆಟವೆಂದರೆ ದೇಹ ಮತ್ತು ನಡತೆಯನ್ನು ತಿದ್ದುವ ಸಾಧನ, ಅದನ್ನು ಆಡಬೇಕೇ ಹೊರತು ಅದಕ್ಕೊಬ್ಬ ಕೋಚ್ ಬೇಕಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಈ ನಂಬಿಕೆಯನ್ನು ಮುರಿದವರು ಅವರದೇ ತಂಡದಲ್ಲಿ ಆಡಿದ ಫಾರೆಸ್ಟ್ ‘ಫಾಗ್’ ಆಲೆನ್. 1907ರಲ್ಲಿ ಗುರುವಿನ ಸ್ಥಾನಕ್ಕೆ ಬಂದ ಆಲೆನ್ ಎರಡು ವರ್ಷಗಳ ಬಳಿಕ ಮೂಳೆ-ಕೀಲುಗಳ ಚಿಕಿತ್ಸೆಯಾದ ಆಸ್ಟಿಯೋಪತಿ ಕಲಿಯಲು ಹೋದರು. 1909ರಿಂದ ಹತ್ತು ವರ್ಷ ವಿಲಿಯಂ ಹ್ಯಾಮಿಲ್ಟನ್ ತಂಡವನ್ನು ನೋಡಿಕೊಂಡರು. 1919ರಲ್ಲಿ ಮರಳಿದ ಆಲೆನ್ 1956ರವರೆಗೆ ಕದಲಲಿಲ್ಲ. ಒಟ್ಟು 39 ಋತು, ಕಾನ್ಸಾಸ್‌ಗಾಗಿ 590 ಗೆಲುವು. ಬ್ಯಾಸ್ಕೆಟ್‌ಬಾಲ್ ಕಲಿಸುವುದು ಒಂದು ವೃತ್ತಿಯಾಗಬಲ್ಲದು ಎಂದು ತೋರಿಸಿಕೊಟ್ಟವರು ಅವರು. 1927ರಲ್ಲಿ ಕೋಚ್‌ಗಳ ರಾಷ್ಟ್ರೀಯ ಸಂಘ ಕಟ್ಟಿದರು. ಎನ್‌ಸಿಎಎ ಹೆಸರಿನ ರಾಷ್ಟ್ರೀಯ ಕಾಲೇಜು ಟೂರ್ನಿಯನ್ನು 1939ರಲ್ಲಿ ಮೊದಲ ಬಾರಿಗೆ ನಡೆಸಿದ್ದು ಅದೇ ಸಂಘ. ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸೇರಬೇಕೆಂದು ವರ್ಷಗಟ್ಟಲೆ ಹೋರಾಡಿದವರಲ್ಲಿ ಅವರು ಮುಂದಿದ್ದರು. 1936ರಲ್ಲಿ ಬರ್ಲಿನ್‌ನಲ್ಲಿ ಆ ಕನಸು ಕೈಗೂಡಿದಾಗ ತಮ್ಮ ಆಟವನ್ನು ಅಲ್ಲಿ ಕಣ್ಣಾರೆ ನೋಡುವ ಭಾಗ್ಯ ಎಪ್ಪತ್ತನಾಲ್ಕು ವರ್ಷದ ನೈಸ್ಮಿತ್‌ಗೆ ದೊರೆಯಿತು. ಮೂರು ವರ್ಷಗಳ ಬಳಿಕ ಅವರು ಲಾರೆನ್ಸ್‌ನಲ್ಲಿಯೇ ತೀರಿಕೊಂಡರು.

ಆಲೆನ್ ಅವರ ಶಿಷ್ಯರು ದೇಶದ ಉದ್ದಗಲಕ್ಕೆ ಹೋದರು. 1920ರ ದಶಕದ ಆರಂಭದಲ್ಲಿ ಕಾನ್ಸಾಸ್ ಪರ ಮೀಸಲು ಆಟಗಾರನಾಗಿದ್ದ ಅಡಾಲ್ಫ್ ರಪ್ 1930ರಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಸೇರಿ, 1972ರವರೆಗೆ 876 ಪಂದ್ಯ ಗೆದ್ದರು. 1952ರ ತಂಡದಲ್ಲಿದ್ದ ಡೀನ್ ಸ್ಮಿತ್ ನಾರ್ತ್ ಕೆರೊಲಿನಾದಲ್ಲಿ 1961ರಿಂದ 1997ರವರೆಗೆ 879 ಪಂದ್ಯ ಗೆದ್ದರು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅತಿ ಹೆಚ್ಚು ಗೆಲುವಿನ ದಾಖಲೆ ಹೀಗೆ ಗುರುವಿನಿಂದ ಒಬ್ಬ ಶಿಷ್ಯನಿಗೆ, ಅವರಿಂದ ಇನ್ನೊಬ್ಬ ಶಿಷ್ಯನಿಗೆ ಹೋಯಿತು.

ಇದೇ ಪರಂಪರೆಗೆ ಸೇರಬೇಕಾದ ಇನ್ನೊಂದು ಹೆಸರು ಕಾನ್ಸಾಸ್ ತಂಡದ ಪಟ್ಟಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ಜಾನ್ ಮೆಕ್ಲೆಂಡನ್ 1930ರ ದಶಕದಲ್ಲಿ ಇಲ್ಲಿ ದೈಹಿಕ ಶಿಕ್ಷಣ ಓದಿ 1936ರಲ್ಲಿ ಪದವಿ ಪಡೆದರು. ಅವರಿಗೆ ನೈಸ್ಮಿತ್ ಮಾರ್ಗದರ್ಶಕರಾಗಿದ್ದರು. ಆದರೆ ಮೆಕ್ಲೆಂಡನ್ ಕಪ್ಪು ವರ್ಣದವರಾಗಿದ್ದರಿಂದ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವಂತಿರಲಿಲ್ಲ. ಆಟದ ಜನಕನ ಬಳಿ ಕಲಿಯಬಹುದು, ಆತ ಕಟ್ಟಿದ ತಂಡದ ಅಂಗಿ ತೊಡಬಾರದು. ಈ ಅನ್ಯಾಯವನ್ನು ಬಿಟ್ಟು ಕಾನ್ಸಾಸ್‌ನ ಚರಿತ್ರೆ ಬರೆಯಲಾಗದು. ಮೆಕ್ಲೆಂಡನ್ ದಕ್ಷಿಣದ ಡರಮ್ ನಗರದಲ್ಲಿ ಕರಿಯರ ಕಾಲೇಜೊಂದರ ಕೋಚ್ ಆಗಿ, ಚೆಂಡು ಸಿಕ್ಕ ಕ್ಷಣವೇ ಎದುರಾಳಿಯ ಬುಟ್ಟಿಯತ್ತ ನುಗ್ಗುವ ವೇಗದ ಆಟವನ್ನು ಬೆಳೆಸಿದರು. 1944ರಲ್ಲಿ ಅವರ ಹುಡುಗರು ಡ್ಯೂಕ್ ವಿಶ್ವವಿದ್ಯಾಲಯದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳ ತಂಡವನ್ನು ಬಾಗಿಲು ಮುಚ್ಚಿದ ಜಿಮ್ನೇಷಿಯಂನಲ್ಲಿ ಗುಟ್ಟಾಗಿ ಎದುರಿಸಿ 88–44ರಿಂದ ಸೋಲಿಸಿದರು. ಮುಂದೆ ಟೆನೆಸಿ ಎ ಅಂಡ್ ಐ ಕಾಲೇಜು 1957ರಿಂದ 1959ರವರೆಗೆ ಸತತ ಮೂರು ವರ್ಷ ಸಣ್ಣ ಕಾಲೇಜುಗಳ ಎನ್‌ಎಐಎ ಟೂರ್ನಿಯಲ್ಲಿ ಚಾಂಪಿಯನ್ ಆದದ್ದು ಅವರ ಕೈಕೆಳಗೆ. ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್‌ನಲ್ಲಿ ಅವರು ಎರಡು ಬಾರಿ ಸ್ಥಾನ ಪಡೆದಿದ್ದಾರೆ: 1979ರಲ್ಲಿ ಆಟಕ್ಕೆ ನೀಡಿದ ಕೊಡುಗೆಗಾಗಿ, 2016ರಲ್ಲಿ ಕೋಚ್ ಆಗಿ.

ಕಾನ್ಸಾಸ್ ತಂಡದಲ್ಲಿ ವರ್ಣದ ಗೋಡೆ ಬಿದ್ದದ್ದು 1950ರ ದಶಕದ ಆರಂಭದಲ್ಲಿ, ಲಾವಾನೆಸ್ ಸ್ಕ್ವೈರ್ಸ್ ಸೇರಿದಾಗ. ಅದೇ ಹೊತ್ತಿಗೆ ಮೊದಲ ಎನ್‌ಸಿಎಎ ಕಿರೀಟವೂ ಬಂತು. 1952ರ ಫೈನಲ್‌ನಲ್ಲಿ ಸೆಂಟರ್ ಕ್ಲೈಡ್ ಲವ್ಲೆಟ್ ಅವರ ಬಲದಿಂದ ಕಾನ್ಸಾಸ್ ಸೇಂಟ್ ಜಾನ್ಸ್ ತಂಡವನ್ನು 80–63ರಿಂದ ಮಣಿಸಿತು. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಅರ್ಧದಷ್ಟು ಆಟಗಾರರು ಆ ವರ್ಷ ಕಾನ್ಸಾಸ್‌ನವರೇ.

1955ರ ಮಾರ್ಚ್ 1ರಂದು ಆಲೆನ್ ಫೀಲ್ಡ್‌ಹೌಸ್ ಬಾಗಿಲು ತೆರೆಯಿತು. ಆಲೆನ್ ಇನ್ನೂ ಕೋಚ್ ಆಗಿರುವಾಗಲೇ ಅವರ ಹೆಸರು ಹೊತ್ತ ಕ್ರೀಡಾಂಗಣ ಅದು. ಬಹುಕಾಲ ಅಲ್ಲಿ 16,300 ಮಂದಿ ಕೂರಬಹುದಿತ್ತು. ಒಳಗಿನ ಅಂಕಣಕ್ಕೂ ಹೊರಗಿನ ರಸ್ತೆಗೂ ನೈಸ್ಮಿತ್ ಹೆಸರಿದೆ. ಪಂದ್ಯ ಕೈಗೆ ಬಂದಿತೆಂದು ಖಚಿತವಾದಾಗ ಪ್ರೇಕ್ಷಕರು ನಿಧಾನಗತಿಯಲ್ಲಿ ಹಾಡುವ ‘ರಾಕ್ ಚಾಕ್, ಜೇಹಾಕ್’ ಘೋಷ ತಂಡಕ್ಕಿಂತ ಹಳೆಯದು. 1886ರಲ್ಲಿ ವಿಜ್ಞಾನ ವಿದ್ಯಾರ್ಥಿಗಳ ಸಂಘದಲ್ಲಿ ಅದು ಹುಟ್ಟಿತು. ನೈಸ್ಮಿತ್ ಅವರ 13 ನಿಯಮಗಳ ಮೂಲಪ್ರತಿಯನ್ನು ಇಲ್ಲಿಯ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 2010ರ ಹರಾಜಿನಲ್ಲಿ ಸುಮಾರು 43 ಲಕ್ಷ ಡಾಲರ್‌ಗೆ ಕೊಂಡರು. ಫೀಲ್ಡ್‌ಹೌಸ್ ಪಕ್ಕದ ಕಟ್ಟಡದಲ್ಲಿ ಅದೀಗ ನೋಡಲು ಸಿಗುತ್ತದೆ.

ಆಲೆನ್ ತಂದ ಕೊನೆಯ ದೊಡ್ಡ ಆಟಗಾರ ಫಿಲಡೆಲ್ಫಿಯಾದ ವಿಲ್ಟ್ ಚೇಂಬರ್ಲೇನ್. ಆದರೆ ಎಪ್ಪತ್ತು ತುಂಬಿದವರಿಗೆ ಕಡ್ಡಾಯ ನಿವೃತ್ತಿ ಎಂಬ ನಿಯಮದಿಂದಾಗಿ, ಮುಖ್ಯ ತಂಡದಲ್ಲಿ ವಿಲ್ಟ್‌ಗೆ ಕೋಚ್ ಆಗುವ ಅವಕಾಶ ಆಲೆನ್‌ಗೆ ಸಿಗಲಿಲ್ಲ. ಅವರ ಶಿಷ್ಯ ಡಿಕ್ ಹಾರ್ಪ್ ಆ ಜಾಗಕ್ಕೆ ಬಂದರು. 1956ರ ಡಿಸೆಂಬರ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧದ ಮೊದಲ ಪಂದ್ಯದಲ್ಲಿಯೇ ವಿಲ್ಟ್ 52 ಅಂಕ, 31 ರಿಬೌಂಡ್ ಗಳಿಸಿದರು. ಆ ಋತುವಿನ ಫೈನಲ್ ಮೂರು ಹೆಚ್ಚುವರಿ ಅವಧಿಗಳವರೆಗೆ ಎಳೆದು, ಕಾನ್ಸಾಸ್ ಒಂದೇ ಅಂಕದಿಂದ, 53–54ರಿಂದ, ನಾರ್ತ್ ಕೆರೊಲಿನಾಗೆ ಸೋತಿತು. ಕಾನ್ಸಾಸ್ ಕಂಡ ಅತ್ಯಂತ ನೋವಿನ ಸೋಲು ಇದೇ ಇರಬೇಕು. ಕರಿಯರನ್ನು ಒಳಗೆ ಬಿಡದಿದ್ದ ಲಾರೆನ್ಸ್‌ನ ಹೋಟೆಲುಗಳಿಗೆ ಹೋಗಿ ಕೂತು ಊಟ ಮಾಡಿದ್ದು ಕೂಡ ವಿಲ್ಟ್ ಅವರ ಸಾಧನೆಯ ಲೆಕ್ಕಕ್ಕೆ ಸೇರಬೇಕು.

ಹಾರ್ಪ್ ಅವರ ಸಹಾಯಕರಾಗಿದ್ದ ಟೆಡ್ ಓವೆನ್ಸ್ 1964ರಿಂದ 1983ರವರೆಗೆ ತಂಡವನ್ನು ನಡೆಸಿ, 1971 ಮತ್ತು 1974ರಲ್ಲಿ ಸೆಮಿಫೈನಲ್ ತಲುಪಿಸಿದರು. ಅವರ ನಂತರ ಬಂದ ಲ್ಯಾರಿ ಬ್ರೌನ್ ನಾರ್ತ್ ಕೆರೊಲಿನಾದಲ್ಲಿ ಡೀನ್ ಸ್ಮಿತ್ ಬಳಿ ಆಡಿದವರು. 1988ರಲ್ಲಿ ಅವರ ತಂಡ 11 ಪಂದ್ಯ ಸೋತೂ ಚಾಂಪಿಯನ್ ಆಯಿತು. ಆ ಋತುವಿನಲ್ಲಿ ಎರಡು ಸಲ ತಮ್ಮನ್ನು ಸೋಲಿಸಿದ್ದ ಒಕ್ಲಹೋಮವನ್ನು ಫೈನಲ್‌ನಲ್ಲಿ 83–79ರಿಂದ ಬಗ್ಗುಬಡಿದಾಗ ಡ್ಯಾನಿ ಮ್ಯಾನಿಂಗ್ ಪಾಲು 31 ಅಂಕ, 18 ರಿಬೌಂಡ್. ಆದರೆ ಆಟಗಾರರನ್ನು ಸೆಳೆಯುವಾಗ ನಿಯಮ ಮುರಿದದ್ದಕ್ಕಾಗಿ ಮರುವರ್ಷ ಟೂರ್ನಿಯಿಂದಲೇ ಹೊರಗಿಡಲಾಯಿತು. ಹಾಲಿ ಚಾಂಪಿಯನ್ನರಿಗೆ ಇಂಥ ಶಿಕ್ಷೆ ಅದೇ ಮೊದಲು.

ಬ್ರೌನ್ ಬಳಿಕ ಸ್ಮಿತ್ ಅವರ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್ ಹದಿನೈದು ವರ್ಷಗಳಲ್ಲಿ 418 ಪಂದ್ಯ ಗೆದ್ದರು. 1991 ಮತ್ತು 2003ರ ಫೈನಲ್‌ಗಳಲ್ಲಿ ಸೋತು, ಕಪ್ ಎತ್ತದೆಯೇ ತಮ್ಮ ಹಳೆಯ ಕಾಲೇಜು ನಾರ್ತ್ ಕೆರೊಲಿನಾಗೆ ಮರಳಿದರು.

2003ರಲ್ಲಿ ಬಂದ ಬಿಲ್ ಸೆಲ್ಫ್ ಹಿಂದೆ ಇಲ್ಲಿಯೇ ಬ್ರೌನ್ ಕೈಕೆಳಗೆ ಕೆಲಸ ಕಲಿತವರು. 2008ರ ಫೈನಲ್‌ನಲ್ಲಿ ಕೊನೆಯ ಎರಡು ಚಿಲ್ಲರೆ ನಿಮಿಷ ಇರುವಾಗ ಮೆಂಫಿಸ್ ಒಂಬತ್ತು ಅಂಕ ಮುಂದಿತ್ತು. ಮಾರಿಯೊ ಚಾಮರ್ಸ್ 2.1 ಸೆಕೆಂಡ್ ಉಳಿದಿದ್ದಾಗ ಮೂರಂಕದ ಎಸೆತ ಹಾಕಿ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಕಾನ್ಸಾಸ್ 75–68ರಿಂದ ಗೆದ್ದಿತು. 2005ರಿಂದ 2018ರವರೆಗೆ ಸತತ 14 ವರ್ಷ ಬಿಗ್ 12 ಲೀಗ್‌ನ ಅಗ್ರಸ್ಥಾನ ಬಿಟ್ಟುಕೊಡದೆ, ಯುಸಿಎಲ್‌ಎ ತಂಡದ 13 ವರ್ಷಗಳ ದಾಖಲೆ ಮುರಿಯಿತು. 2022ರ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ 15 ಅಂಕ ಹಿಂದಿದ್ದ ತಂಡ ನಾರ್ತ್ ಕೆರೊಲಿನಾವನ್ನು 72–69ರಿಂದ ಮಣಿಸಿ ನಾಲ್ಕನೆಯ ಎನ್‌ಸಿಎಎ ಕಿರೀಟ ತೊಟ್ಟಿತು.

ಆಟಗಾರರ ನೇಮಕದ ಪ್ರಶ್ನೆ ಮತ್ತೊಮ್ಮೆ ಎದುರಾಯಿತು. 2023ರ ತೀರ್ಪಿನಂತೆ 2017–18ರ ಋತುವಿನ 15 ಗೆಲುವುಗಳನ್ನೂ ಆ ವರ್ಷದ ಸೆಮಿಫೈನಲ್ ಪ್ರವೇಶವನ್ನೂ ದಾಖಲೆಯಿಂದ ಅಳಿಸಲಾಯಿತು. ಅಳಿಸಿದ್ದನ್ನು ಬಿಟ್ಟು ಎಣಿಸಿದರೂ, 2024ರ ನವೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್ ವಿರುದ್ಧ ಗೆದ್ದಾಗ ಸೆಲ್ಫ್ ಅವರ ಗೆಲುವುಗಳು 591 ಆದವು, ಆಲೆನ್ ಅವರಿಗಿಂತ ಒಂದು ಹೆಚ್ಚು.