ಮೊಲ ಸೊಪ್ಪು ಮುಟ್ಟದಿದ್ದರೆ

ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ನಾಯಿಯ ಕಾಲಿಗೆ ಮುಳ್ಳು ಚುಚ್ಚಿದರೆ ಅದು ಕುಂಯ್‌ಗುಟ್ಟುತ್ತದೆ. ಆದರೆ ಮೊಲ? ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. "ನಿನ್ನೆ ಸಂಜೆ ಚೆನ್ನಾಗಿಯೇ ಇತ್ತು, ಬೆಳಿಗ್ಗೆ ನೋಡಿದರೆ ಸತ್ತಿತ್ತು" ಎಂದು ಮೊಲ ಸಾಕಿದವರು ಹೇಳುವುದನ್ನು ನೀವು ಕೇಳಿರಬಹುದು. ನಿಜಕ್ಕೂ ನಿನ್ನೆ ಸಂಜೆ ಅದು ಚೆನ್ನಾಗಿತ್ತೇ? ಬಹುಶಃ ಇರಲಿಲ್ಲ. ನೋಡಿದವರಿಗೆ ತಿಳಿಯಲಿಲ್ಲ, ಅಷ್ಟೆ.

ಏಕೆ ಹೀಗೆ? ನರಿ, ಹದ್ದು, ಕಾಡುಬೆಕ್ಕು ಎಲ್ಲದರ ಕಣ್ಣೂ ಮೊಲದ ಮೇಲೆ. ಯಾವುದು ಕುಂಟುತ್ತಿದೆ, ಯಾವುದು ಮಂಕಾಗಿದೆ ಎಂದು ನೋಡಿ ಬೇಟೆಗಾರ ಪ್ರಾಣಿ ಅದನ್ನೇ ಹಿಡಿಯುತ್ತದೆ. ಹಾಗಾಗಿ ನೋವನ್ನು ತೋರಿಸಿಕೊಳ್ಳದ ಮೊಲಗಳೇ ಹೆಚ್ಚಾಗಿ ಬದುಕಿ ಉಳಿದವು, ಮರಿ ಹಾಕಿದವು. ತಲೆತಲಾಂತರದ ಈ ಗುಣ ಗೂಡಿನಲ್ಲಿಟ್ಟು ಸಾಕಿದ ಮಾತ್ರಕ್ಕೆ ಹೋಗುವುದಿಲ್ಲ.

ಅಂದ ಹಾಗೆ, ನಾವು ಸಾಕುವ ಬಿಳಿ ಮೊಲ ನಮ್ಮ ಹೊಲಗಳಲ್ಲಿ ನೆಗೆಯುವ ಕಾಡುಮೊಲವಲ್ಲ. ಸಾಕುಮೊಲದ ಮೂಲ ದೂರದ ಸ್ಪೇನ್, ಪೋರ್ಚುಗಲ್ ಪ್ರದೇಶ. ಅದರ ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಕಾಡುಮೊಲದ ಮರಿಯಾದರೋ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಇಲ್ಲಿ ಹೇಳುತ್ತಿರುವುದು ಸಾಕುಮೊಲದ ವಿಷಯ ಮಾತ್ರ.

ಮೊಲದ ಆರೋಗ್ಯ ತಿಳಿಯಬೇಕಾದರೆ ಮೊದಲು ಎಲ್ಲಿ ನೋಡಬೇಕು ಗೊತ್ತೇ? ಮುಖವನ್ನಲ್ಲ, ಅದರ ಹಿಕ್ಕೆಯನ್ನು! ನಗಬೇಡಿ. ಮೊಲ ದಿನವಿಡೀ ಸ್ವಲ್ಪ ಸ್ವಲ್ಪವೇ ಮೇಯುತ್ತಿರಬೇಕು. ಅದರ ಸಣ್ಣ ಕರುಳೂ ದೊಡ್ಡ ಕರುಳೂ ಸೇರುವ ಕಡೆ ಸೀಕಮ್ ಎಂಬ ದೊಡ್ಡ ಚೀಲವಿದೆ. ಹುಲ್ಲಿನ ನಾರನ್ನು ಕೊಳೆಸಿ ಆಹಾರವಾಗಿ ಮಾಡುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ಅಲ್ಲಿ ವಾಸಿಸುತ್ತವೆ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಅದನ್ನು ಮೊಲ ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಅದು ಕೊಳಕು ಬುದ್ಧಿಯಲ್ಲ. ಬಿ ಜೀವಸತ್ವಗಳೂ ಪ್ರೋಟೀನೂ ಅದರಲ್ಲಿವೆ. ನಾವು ಗೂಡಿನಲ್ಲಿ ಕಾಣುವುದು ಇನ್ನೊಂದು ಬಗೆ: ಕಡಲೆಕಾಳಿನಂತೆ ದುಂಡಗಿನ, ಒಣಗಿದ ಹಿಕ್ಕೆ.

ಈ ಒಣ ಹಿಕ್ಕೆ ಚಿಕ್ಕದಾಗುತ್ತಾ ಬಂದರೆ, ಕಡಿಮೆಯಾದರೆ, ಕರುಳಿನ ಓಟ ನಿಧಾನವಾಗುತ್ತಿದೆ ಎಂದರ್ಥ. ಕರುಳು ನಿಂತರೆ ಒಳಗೆ ವಾಯು ತುಂಬುತ್ತದೆ. ನೋವಿನಿಂದ ಮೊಲ ಇನ್ನಷ್ಟು ಮೇವು ಬಿಡುತ್ತದೆ. ಮೇವು ಬಿಟ್ಟಷ್ಟೂ ಕರುಳು ಇನ್ನಷ್ಟು ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಆದ್ದರಿಂದ 12 ಗಂಟೆ ಮೊಲ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ "ನಾಳೆ ನೋಡೋಣ" ಎನ್ನುವಂತಿಲ್ಲ. ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೊಂದು ಮೊಲವಿತ್ತು. ನಾವು ಪ್ರೀತಿಯಿಂದ ಅದಕ್ಕೆ ಅನ್ನ, ಬಿಸ್ಕತ್ತು ಹಾಕುತ್ತಿದ್ದೆವು. ಒಮ್ಮೆ ಅದು ಸೊಪ್ಪಿನ ಹತ್ತಿರ ಬಂದು ಮೂಸುವುದು, ಬಾಯಿಗೆ ತೆಗೆದುಕೊಂಡು ಬೀಳಿಸುವುದು, ಹಿಂದೆ ಸರಿಯುವುದು ಮಾಡತೊಡಗಿತು. ಗದ್ದ ಒದ್ದೆಯಾಗಿತ್ತು. ಹಸಿವಿಲ್ಲ ಎಂದುಕೊಂಡೆವು. ನಾಲ್ಕನೇ ದಿನ ವೈದ್ಯರು ಅದರ ಬಾಯಿ ತೆರೆದು ತೋರಿಸಿದರು. ಹಲ್ಲು ಉದ್ದವಾಗಿ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. ಹಸಿವಿತ್ತು, ತಿನ್ನಲಾಗುತ್ತಿರಲಿಲ್ಲ. ಮೊಲ ಉಳಿಯಲಿಲ್ಲ.

ಮೊಲದ ಹಲ್ಲು ಜೀವನವಿಡೀ ಬೆಳೆಯುತ್ತದೆ. ಮುಂದಿನ ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒರಟು ಹುಲ್ಲನ್ನು ಅಗಿದಾಗ ಅಷ್ಟೇ ಸವೆಯುತ್ತದೆ. ಮೆತ್ತನೆಯ ಅನ್ನದಿಂದ ಹೇಗೆ ಸವೆದೀತು? ಹುಲ್ಲೇ ಅದರ ಮುಖ್ಯ ಆಹಾರ.

ನೋವಿರುವ ಮೊಲ ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ ಕೂರುತ್ತದೆ. ಕೆಲವೊಮ್ಮೆ ಹಲ್ಲು ಕಟಕಟ ಕಡಿಯುತ್ತದೆ. ಮೂಗು, ಕಿವಿಯ ಅಂಚು, ಪಾದಗಳಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ನುಸಿಯಿಂದ ಬರುವ ಕಜ್ಜಿ. ಇದಕ್ಕೆ ಅದೇ ರಾತ್ರಿ ಓಡಬೇಕಿಲ್ಲ. ಆದರೆ ವಾರಗಟ್ಟಲೆ ಬಿಡಬಾರದು, ಮುಟ್ಟಿದವರಿಗೂ ತುರಿಕೆ ಬರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ತಡಮಾಡಲೇಬಾರದ ಇನ್ನೂ ಕೆಲವು ಲಕ್ಷಣಗಳಿವೆ. ಮೊಲ ಯಾವಾಗಲೂ ಮೂಗಿನಿಂದಲೇ ಉಸಿರಾಡುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟರೆ ದೊಡ್ಡ ಅಪಾಯ. ತಲೆ ಒಂದು ಕಡೆಗೆ ವಾಲುವುದು, ಮರಿಗಳಿಗೆ ನೀರು ನೀರಾದ ಭೇದಿ, ಹೊಟ್ಟೆ ಡೋಲಿನಂತೆ ಬಿಗಿಯುವುದು ಇವೂ ಹಾಗೆಯೇ. ಹಿಂಭಾಗದ ಕೂದಲು ಕೊಳೆಯಾಗಿದ್ದರೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳುವಾಗಬಹುದು. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಅಲ್ಲಿ ನೋಡಿ.

ಬೇಸಿಗೆಯೇ ಮೊಲಕ್ಕೆ ವೈರಿ. ಅದು ನಮ್ಮಂತೆ ಬೆವರಿ ಮೈ ತಂಪಾಗಿಸಿಕೊಳ್ಳಲಾರದು. ಮೈಯ ಬಿಸಿ ಮುಖ್ಯವಾಗಿ ಉದ್ದ ಕಿವಿಗಳಿಂದ ಹೊರಹೋಗಬೇಕು. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟ. ತಗಡಿನ ಮಾಡಿನ ಕೆಳಗೆ ಗೂಡಿಟ್ಟರೆ ಕೇಳುವುದೇ ಬೇಡ! ಮೊಲ ಬಿಸಿಲಿಗೆ ಸೋತು ಮಲಗಿದ್ದರೆ ನೆರಳಿಗೆ ತನ್ನಿ, ಒದ್ದೆ ಬಟ್ಟೆಯಿಂದ ಕಿವಿ ಒರೆಸಿ, ಕೂಡಲೇ ವೈದ್ಯರಲ್ಲಿಗೆ ಹೊರಡಿ. ತಣ್ಣೀರಿನಲ್ಲಿ ಮುಳುಗಿಸಬೇಡಿ.

ಪಶು ಚಿಕಿತ್ಸಾಲಯಕ್ಕೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಯ್ಯಿರಿ. ಕಿವಿ ಹಿಡಿದು ಎತ್ತಬೇಡಿ. ಹಿಂಗಾಲುಗಳ ಕೆಳಗೆ ಕೈ ಆಸರೆ ಇರಲಿ. ಇಲ್ಲದಿದ್ದರೆ ಅದು ಒದೆದಾಗ ಅದರದೇ ಬೆನ್ನುಮೂಳೆ ಮುರಿಯಬಹುದು. ನಾಲ್ಕು ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಳ್ಳಿ. ಕೊನೆಗೆ ಯಾವಾಗ ತಿಂದಿತು, ಏನು ತಿಂದಿತು ಎಂದು ವೈದ್ಯರು ಕೇಳುತ್ತಾರೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ಮಾತ್ರ ಕೊಡಲೇಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಸೀಕಮ್‌ನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಬೆಳೆದು, ಮೊಲವೇ ಸಾಯಬಹುದು.

ಮೊಲವಿರುವವರು ಇದನ್ನು ಮಾಡಿ ನೋಡಿ. ತಂಪು ಹೊತ್ತಿನಲ್ಲಿ ಅದು ಸುಮ್ಮನೆ ಮಲಗಿದ್ದಾಗ ದೂರದಿಂದ ಅದರ ಪಕ್ಕೆಯನ್ನು ಗಮನಿಸಿ. ಮೂಗು ಕುಣಿಯುವುದನ್ನು ಎಣಿಸಬೇಡಿ, ಅದು ವಾಸನೆ ಹಿಡಿಯುವ ಚಾಳಿ. ಪಕ್ಕೆ 15 ಸೆಕೆಂಡಿನಲ್ಲಿ ಎಷ್ಟು ಸಲ ಏರಿ ಇಳಿಯಿತೋ ಅದನ್ನು 4ರಿಂದ ಗುಣಿಸಿ. ನಿಮಿಷಕ್ಕೆ 30ರಿಂದ 60 ಬಂದರೆ ಸರಿ. ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಕವನ್ನೂ ನೋಡಿ ಪುಸ್ತಕದಲ್ಲಿ ಬರೆದಿಡಿ. ಮೊಲ ಬಾಯಿ ಬಿಟ್ಟು ಹೇಳದ್ದನ್ನು ಆ ಪುಟ ವೈದ್ಯರಿಗೆ ಹೇಳುತ್ತದೆ.