ಲೆಕ್ಕದಲ್ಲಿ ಸಾಲ ತರುವುದೆಂದರೇನು?

‘ಲೆಕ್ಕ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಲಾ ವಿಭಾಗದ ಮಿತ್ರರಲ್ಲಿ ಅನೇಕರು ಪುಟ ಮಗುಚುವರೆಂದು ನಾನು ಬಲ್ಲೆ. ಹತ್ತನೆಯ ತರಗತಿಯೊಡನೆ ಗಣಿತಕ್ಕೆ ಎಳ್ಳುನೀರು ಬಿಟ್ಟು ಇಲ್ಲಿಗೆ ಬಂದವರೇ ನಮ್ಮಲ್ಲಿ ಹೆಚ್ಚು. ಆದರೂ ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ. ನಾನು ಹೇಳಹೊರಟಿರುವುದು ಬೀಜಗಣಿತವಲ್ಲ. ಕಳೆಯುವುದು, ಭಾಗಿಸುವುದು, ಇಷ್ಟೇ. ನಮ್ಮಲ್ಲಿ ಹಲವರು ಮುಂದೆ ಉಪಾಧ್ಯಾಯ ವೃತ್ತಿಯನ್ನು ಹಿಡಿಯತಕ್ಕವರು; ಉಳಿದವರಿಗೂ ಮನೆಯಲ್ಲಿ ತಮ್ಮ ತಂಗಿಯರಿದ್ದಾರೆ.

ಕಳೆದ ಎರಡು ವರ್ಷಗಳಿಂದ ಸಂಜೆಯ ಹೊತ್ತು ನೆರೆಹೊರೆಯ ಕೆಲವು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೇನೆ. 42ರಲ್ಲಿ 17ನ್ನು ಕಳೆಯಿರಿ ಎಂದರೆ ಕೆಲವರು 35 ಎಂದು ಬರೆಯುತ್ತಾರೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆದದ್ದಾಯಿತು! ಇವರನ್ನು ತಿದ್ದುವುದು ಸುಲಭ. ನನ್ನನ್ನು ಯೋಚನೆಗೆ ಹಚ್ಚಿದವರು 25 ಎಂದು ಸರಿಯಾಗಿ ಬರೆದವರು.

“ಎರಡರ ಪಕ್ಕದಲ್ಲಿ ಒಂದು ಹಾಕಿದೆಯಲ್ಲ, ಅದು ಎಲ್ಲಿಂದ ಬಂತು?”

“ಪಕ್ಕದ ಮನೆಯಿಂದ ಸಾಲ ತಂದೆ, ಅಣ್ಣ.”

“ಎಷ್ಟು ತಂದೆ?”

“ಒಂದು.”

ಒಂದನ್ನು ತಂದರೆ ಎರಡು ಮೂರಾಗಬೇಕಲ್ಲದೆ ಹನ್ನೆರಡಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿಲ್ಲ. ಮಗುವಿನದೇನೂ ತಪ್ಪಿಲ್ಲ, ತಪ್ಪು ‘ಸಾಲ’ ಎಂಬ ಮಾತಿನದು. ಹಿಂದಿರುಗಿಸಬೇಕಾಗಿಲ್ಲದ ಸಾಲವನ್ನು ಯಾರಾದರೂ ಕಂಡಿದ್ದೀರಾ? ಇಲ್ಲಿ ನಡೆಯುವುದು ಸಾಲವಲ್ಲ, ಚಿಲ್ಲರೆ ಮಾಡಿಸುವುದು. ನನ್ನಲ್ಲಿ ಹತ್ತರ ನಾಲ್ಕು ನೋಟುಗಳೂ ಒಂದರ ಎರಡು ನಾಣ್ಯಗಳೂ ಇವೆ. ಹದಿನೇಳು ರೂಪಾಯಿ ಕೊಡಬೇಕು. ಒಂದು ನೋಟನ್ನು ಮುರಿಸಿದರೆ ಮೂರು ನೋಟು, ಹನ್ನೆರಡು ನಾಣ್ಯ. ಹಣ ಹೆಚ್ಚಲೂ ಇಲ್ಲ, ಕಡಮೆಯಾಗಲೂ ಇಲ್ಲ. ರೂಪ ಬದಲಾಯಿತು, ಅಷ್ಟೆ. ಕೊಡತಕ್ಕದ್ದನ್ನು ಕೊಟ್ಟರೆ ಎರಡು ನೋಟು, ಐದು ನಾಣ್ಯ. ಇದನ್ನು ಪೊರಕೆಕಡ್ಡಿಗಳಲ್ಲಿ ಹತ್ತರ ಕಟ್ಟುಗಳನ್ನು ಮಾಡಿ, ಒಂದು ಕಟ್ಟನ್ನು ಬಿಚ್ಚಿಸಿ ತೋರಿಸಿದರೆ ಎರಡನೆಯ ತರಗತಿಯ ಮಗುವೂ ತಿಳಿಯುತ್ತದೆ.

ನೂರೈದನ್ನು ಬರೆ ಎಂದರೆ 1005 ಎಂದು ಬರೆಯುವ ಮಗುವಿನ ತೊಡಕೂ ಇದೇ ಬಗೆಯದು. ನೂರನ್ನು ಬರೆದು ಪಕ್ಕದಲ್ಲಿ ಐದನ್ನು ಬರೆಯಿತು. ಕಿವಿ ಕೇಳಿದ್ದನ್ನೇ ಕೈ ಬರೆಯಿತು. ನಮ್ಮ ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವೆಂಬ ಮಕ್ಕಳು ಬಹಳ. ಅದೇ ಅಡ್ಡಿಯೆಂದು ಕೆಲವರು ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಎರಡು ಭಾಷೆಗಳಲ್ಲಿಯೂ ಇಪ್ಪತ್ತರ ಮೇಲೆ ಒಂದು ಸೇರಿ ಇಪ್ಪತ್ತೊಂದಾಗುತ್ತದೆ. ಹೆಸರೇ ಕಟ್ಟನ್ನೂ ಬಿಡಿಯನ್ನೂ ಹೇಳಿಬಿಡುತ್ತದೆ. ಹಿಂದಿಯ ಮಕ್ಕಳು ಹೆಚ್ಚುಕಡಮೆ ನೂರರವರೆಗೂ ಒಂದೊಂದು ಹೆಸರನ್ನು ಬಾಯಿಪಾಠ ಮಾಡಬೇಕು.

ಇನ್ನೊಂದು ಮಾತು. ಚಿಲ್ಲರೆ ಎಂದಾಗಲೆಲ್ಲ ಹತ್ತೇ ಬರಬೇಕೆಂಬ ನಿಯಮವಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮುನ್ನ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದಿನ ಮಕ್ಕಳು ಒಂದೇ ಲೆಕ್ಕದಲ್ಲಿ ಒಂದು ಕಡೆ ಹನ್ನೆರಡನ್ನೂ ಮತ್ತೊಂದು ಕಡೆ ಹದಿನಾರನ್ನೂ ತರಬೇಕಾಗಿತ್ತು. ಆಣೆ ಹೋಯಿತು, ಆದರೆ ಗುಂಟೆ ಹೋಗಿಲ್ಲ. ಎಕರೆಗೆ 40 ಗುಂಟೆ. ಪಹಣಿಯಲ್ಲಿ ಇವೆರಡರ ನಡುವೆ ಒಂದು ಚುಕ್ಕೆ ಇಟ್ಟು ಬರೆಯುತ್ತಾರೆ. ಗೌರಿಬಿದನೂರಿನ ಕಡೆಯ ಒಬ್ಬ ರೈತನಿಗೆ 3.10, ಎಂದರೆ ಮೂರು ಎಕರೆ ಹತ್ತು ಗುಂಟೆ ಜಮೀನಿದೆಯೆಂದುಕೊಳ್ಳೋಣ. ಅದರಲ್ಲಿ ಒಂದು ಎಕರೆ ಮೂವತ್ತು ಗುಂಟೆ ತಮ್ಮನ ಪಾಲಿಗೆ ಹೋಗಬೇಕು. ಶಾಲೆಯ ದಶಮಾಂಶದಂತೆ ಕಳೆದರೆ 1.80. ಒಂದು ಎಕರೆ ಎಂಬತ್ತು ಗುಂಟೆಯೆಂದರೆ ಮೂರು ಎಕರೆಯಾಯಿತು! ತಮ್ಮನಿಗೆ ಕೊಟ್ಟ ಮೇಲೂ ಅಣ್ಣನ ಜಮೀನು ಹತ್ತು ಗುಂಟೆ ಮಾತ್ರ ಕಡಮೆಯಾಗಿದೆ. ಇಂಥ ಪಾಲು ಸಿಗುವುದಾದರೆ ಯಾವ ಅಣ್ಣನೂ ಕೋರ್ಟಿನ ಮೆಟ್ಟಿಲು ಹತ್ತಲಾರ. ಎಕರೆಯನ್ನು ಮುರಿದಾಗ ಬರುವುದು ನಲವತ್ತು. ಆದುದರಿಂದ ಎರಡು ಎಕರೆ ಐವತ್ತು ಗುಂಟೆಯಲ್ಲಿ ಕಳೆಯಬೇಕು. ಉಳಿಯುವುದು ಒಂದು ಎಕರೆ ಇಪ್ಪತ್ತು ಗುಂಟೆ. ಚಿಲ್ಲರೆಯ ತತ್ತ್ವ ತಿಳಿದ ಹುಡುಗ ಇದನ್ನು ತಾನೇ ಮಾಡಿಕೊಳ್ಳುತ್ತಾನೆ. ‘ಪಕ್ಕದ ಮನೆ’ಯನ್ನು ನಂಬಿದವನು ಮಾಡಲಾರ.

ಹಾಗೆಂದು ನಮ್ಮ ಮಕ್ಕಳಿಗೆ ಲೆಕ್ಕವೇ ಬಾರದೆನ್ನುವುದು ಅನ್ಯಾಯ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕೆಂಬುದನ್ನು ಅಲ್ಲಿ ರೆಂಡಿಟ್ಟ ಎನ್ನುತ್ತಾರೆ. ಒಂದು ಲಾಟಿನ ಗೂಡು ಕೆಜಿಗೆ 600 ರೂಪಾಯಿ, ರೆಂಡಿಟ್ಟ 7. ಇನ್ನೊಂದರ ಬೆಲೆ 540, ರೆಂಡಿಟ್ಟ 8 ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಕೆಜಿ ನೂಲಿಗೆ ಬೀಳುವ ಗೂಡಿನ ವೆಚ್ಚ 4,200, ಎರಡನೆಯದರಲ್ಲಿ 4,320. ಅಗ್ಗದ ಗೂಡೇ ದುಬಾರಿ! ನೂಲು ತೆಗೆಯುವವರ ಮನೆಯ ಮಕ್ಕಳು ಇಂಥ ಲೆಕ್ಕವನ್ನು ದಿನವೂ ಕೇಳುತ್ತ ಬೆಳೆಯುತ್ತಾರೆ. ಈ ಬಾಯಿಲೆಕ್ಕ ಶಾಲೆಯ ಹಲಗೆಗೆ ಏಕೆ ಬರುವುದಿಲ್ಲ? ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರು ಕಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ಮಾರಾಟಕ್ಕೆ ನಿಲ್ಲುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ವ್ಯಾಪಾರದಲ್ಲಿ ಚುರುಕಾದ ಆ ಮಕ್ಕಳು ಪುಸ್ತಕದ ಮಾದರಿಯ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಲೆಕ್ಕ ಬಲ್ಲ ಇತರ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ತಡವರಿಸಿದರು. ಎರಡು ದಡಗಳ ನಡುವೆ ಸೇತುವೆಯೇ ಇಲ್ಲ.

ಆ ಸೇತುವೆ ದೊಡ್ಡದೇನೂ ಅಲ್ಲವೆಂದು ನನ್ನ ಅನುಭವ. ನನ್ನ ಬಳಿ ಬರುವ ಹುಡುಗನೊಬ್ಬ ರಜೆಯಲ್ಲಿ ತಂದೆಯೊಡನೆ ಚಿಂತಾಮಣಿಯ ಟೊಮ್ಯಾಟೊ ಮಂಡಿಗೆ ಹೋಗುತ್ತಾನೆ. 330ನ್ನು 15ರಿಂದ ಭಾಗಿಸು ಎಂದರೆ ಸುಮ್ಮನೆ ಕುಳಿತ. ಹದಿನೈದು ಕೆಜಿಯ ಬಾಕ್ಸು ಮುನ್ನೂರ ಮೂವತ್ತಕ್ಕೆ ಹೋದರೆ ಕೆಜಿಗೆಷ್ಟು ಬಿತ್ತು ಎಂದು ಕೇಳಿದೆ. “ಮುನ್ನೂರಕ್ಕೆ ಇಪ್ಪತ್ತು, ಮೂವತ್ತಕ್ಕೆ ಎರಡು, ಇಪ್ಪತ್ತೆರಡು” ಎಂದ. ಅವನ ಮಾತನ್ನೇ ಹಲಗೆಯ ಮೇಲೆ ಬರೆಸಿದೆ: 33ರಲ್ಲಿ ಹದಿನೈದೆರಡಲ ಮೂವತ್ತು, ಉಳಿದದ್ದು 3, ಸೊನ್ನೆಯನ್ನು ಇಳಿಸಿದರೆ 30, ಮತ್ತೆ ಎರಡು. ಅವನು ಬಾಯಲ್ಲಿ ಮಾಡಿದ್ದು ಪುಸ್ತಕದ ಭಾಗಾಕಾರವನ್ನೇ! ಮೊದಲ ಎರಡು ಬರಿಯ ಎರಡಲ್ಲ, ಇಪ್ಪತ್ತು ಎಂಬುದನ್ನು ಅವನಿಗೆ ನಾನು ಹೇಳಬೇಕಾಗಲಿಲ್ಲ.

ಮರುದಿನ ಅವನೇ ಪ್ರಶ್ನೆ ತಂದ. ಬಾಕ್ಸಿಗೆ 340 ಬಂದರೆ? ಇಪ್ಪತ್ತೆರಡು ಹೋಗಿ ಹತ್ತು ರೂಪಾಯಿ ಉಳಿಯುತ್ತದೆ. ಅದನ್ನು ಹದಿನೈದು ಕೆಜಿಗೆ ಹಂಚುವುದು ಹೇಗೆ? ಚಿಲ್ಲರೆ ಮಾಡಿಸು ಎಂದೆ. ಹತ್ತು ರೂಪಾಯಿ ಸಾವಿರ ಪೈಸೆಯಾಯಿತು. ತಲೆ ಬಗ್ಗಿಸಿ ಬಹಳ ಹೊತ್ತು ಭಾಗಿಸಿ 66 ಪೈಸೆ ಎಂದು ಬರೆದ. ಆಮೇಲೆ ಉಳಿದದ್ದನ್ನು ನೋಡಿ ಬಳಪವನ್ನು ಕೆಳಗಿಟ್ಟ.

“ಮತ್ತೆ ಹತ್ತೇ ಉಳೀತಲ್ಲ, ಅಣ್ಣ!”