ಆರ್ಡರ್ ಇದ್ದರೆ ಆಳು

2019ರ ಸೆಪ್ಟೆಂಬರ್ 20ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕಂಪನಿಗಳ ಆದಾಯ ತೆರಿಗೆಯನ್ನು ಶೇ 22ಕ್ಕೆ ಇಳಿಸಿದರು. ಅದುವರೆಗೆ ದೊಡ್ಡ ಕಂಪನಿಗಳು ಕಟ್ಟುತ್ತಿದ್ದದ್ದು ಶೇ 30. ಈ ಲಾಭ ಬೇಕೆಂದರೆ ಇತರ ವಿನಾಯಿತಿಗಳನ್ನು ಬಿಟ್ಟುಕೊಡಬೇಕಿತ್ತು. ಹೊಸದಾಗಿ ಕಾರ್ಖಾನೆ ಹಾಕುವ ಕಂಪನಿಗಳಿಗೆ ದರ ಶೇ 15 ಆಯಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜು ಕೊಟ್ಟಿತು. ಕಂಪನಿಗಳ ಬಳಿ ಹಣ ಉಳಿದರೆ ಹೂಡಿಕೆ ಹೆಚ್ಚುತ್ತದೆ, ಹೂಡಿಕೆ ಹೆಚ್ಚಿದರೆ ಉದ್ಯೋಗ ಹೆಚ್ಚುತ್ತದೆ ಎಂಬುದು ಲೆಕ್ಕಾಚಾರ. ಅದು ಎಷ್ಟು ಫಲಿಸಿತು? 2024–25ರ ಆರ್ಥಿಕ ಸಮೀಕ್ಷೆಯ ಪ್ರಕಾರ 2023–24ರಲ್ಲಿ ಕಾರ್ಪೊರೇಟ್ ಲಾಭ ಹದಿನೈದು ವರ್ಷಗಳ ಗರಿಷ್ಠ ಮಟ್ಟ ಮುಟ್ಟಿತು. ಆ ವರ್ಷ ಲಾಭ ಶೇ 22.3ರಷ್ಟು ಏರಿದರೆ, ಉದ್ಯೋಗ ಏರಿದ್ದು ಶೇ 1.5 ಮಾತ್ರ. ಖಾಸಗಿ ವಲಯದಲ್ಲಿ ಕೆಲಸ ಹುಟ್ಟಬೇಕಾದರೆ ಮಾಲೀಕರ ಕೈಯಲ್ಲಿ ಹಣ ಉಳಿದರೆ ಸಾಲದು, ಅವರ ಸರಕಿಗೆ ಗಿರಾಕಿ ಬೇಕು.

ತೆರಿಗೆ ಇಳಿದ ದಿನಗಳಲ್ಲಿ ದೇಶದ ಕಾರ್ಖಾನೆಗಳು ತಮ್ಮ ಉತ್ಪಾದನಾ ಸಾಮರ್ಥ್ಯದ ಶೇ 70ರ ಆಸುಪಾಸನ್ನಷ್ಟೇ ಬಳಸುತ್ತಿದ್ದವು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ಸಮೀಕ್ಷೆ. ಇರುವ ಯಂತ್ರಗಳಿಗೇ ಕೆಲಸವಿಲ್ಲದಾಗ ಹೊಸ ಯಂತ್ರಕ್ಕೆ ಯಾರು ದುಡ್ಡು ಹಾಕುತ್ತಾರೆ? ಉಳಿದ ಹಣ ಸಾಲ ತೀರಿಸಲು, ಲಾಭಾಂಶ ಹಂಚಲು ಹೋಗುವುದು ಸಹಜ. ಬೆಂಗಳೂರಿನ ಪೀಣ್ಯದಂಥ ಕಡೆಯ ಸಣ್ಣ ವರ್ಕ್‌ಶಾಪಿನ ಕಥೆಯೇ ಬೇರೆ. ಒಂದೆರಡು ಲೇತ್, ಒಂದು ಸಿಎನ್‌ಸಿ ಯಂತ್ರ, ಎಂಟು ಹತ್ತು ಕೆಲಸಗಾರರು. ಇಂಥ ಘಟಕಗಳಲ್ಲಿ ಹೆಚ್ಚಿನವು ಒಬ್ಬರ ಮಾಲೀಕತ್ವದವು, ಇಲ್ಲವೇ ಪಾಲುದಾರಿಕೆಯವು. ಕಾನೂನಿನ ಕಣ್ಣಿನಲ್ಲಿ ಕಂಪನಿಗಳಲ್ಲ. ಹಾಗಾಗಿ 2019ರ ಕಡಿತ ಅವುಗಳತ್ತ ಸುಳಿಯಲೇ ಇಲ್ಲ. ಅಲ್ಲಿ ಎರಡನೇ ಶಿಫ್ಟ್ ಶುರುವಾಗುವುದು, ಇನ್ನಿಬ್ಬರು ಆಪರೇಟರುಗಳು ಸೇರುವುದು ದೊಡ್ಡ ಕಾರ್ಖಾನೆಯಿಂದ ಜಾಬ್‌ವರ್ಕ್ ಬಂದಾಗ. ದೊಡ್ಡ ಕಾರ್ಖಾನೆಗೆ ಆರ್ಡರ್ ಬರುವುದು ಜನ ಬೈಕು, ಪಂಪ್‌ಸೆಟ್ಟು, ಫ್ರಿಜ್ಜು ಕೊಂಡಾಗ.

ಜನರ ಕೊಳ್ಳುವ ಶಕ್ತಿಯನ್ನು ಸರ್ಕಾರದ ಖರ್ಚು ಹೆಚ್ಚಿಸಬಲ್ಲದು. ಉದ್ಯೋಗ ಖಾತ್ರಿ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸೋರಿಕೆ ತಗ್ಗಿಸಿ ತಲುಪಿಸುವ ವ್ಯವಸ್ಥೆ ಅವಿಭಜಿತ ಆಂಧ್ರಪ್ರದೇಶದಲ್ಲಿ ಬಂದಾಗ, ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಹ ಸಂಶೋಧಕರು 157 ಮಂಡಲಗಳಲ್ಲಿ ಅದರ ಪರಿಣಾಮವನ್ನು ಅಳೆದರು. ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಹೆಚ್ಚಿತ್ತು. ಆ ಹೆಚ್ಚಳದಲ್ಲಿ ಶೇ 86 ಬಂದದ್ದು ಯೋಜನೆಯ ಕೂಲಿಯಿಂದಲ್ಲ, ಹೊರಗಿನ ದುಡಿಮೆಯಿಂದ. ಖಾತ್ರಿ ಕೆಲಸದಿಂದ ಹೊಲಕ್ಕೆ ಆಳು ಸಿಗುವುದಿಲ್ಲ ಎಂಬ ರೈತರ ದೂರು ನಮ್ಮಲ್ಲೂ ಹಳೆಯದು. ಕೂಲಿ ಏರಿದರೆ ಸಣ್ಣ ರೈತನಿಗೆ ಹೊರೆಯಾಗುವುದು ನಿಜ. ಆದರೆ ಈ ಅಧ್ಯಯನದಲ್ಲಿ ಖಾಸಗಿ ಕೂಲಿಯ ಜೊತೆಗೆ ಖಾಸಗಿ ಉದ್ಯೋಗವೂ ಏರಿತ್ತು.

ಸರ್ಕಾರ ಸಾಲ ಮಾಡಿ ಖರ್ಚು ಮಾಡಿದರೆ ಬಡ್ಡಿ ಏರಿ ಖಾಸಗಿಯವರಿಗೆ ಸಾಲ ದುಬಾರಿಯಾಗುತ್ತದೆ ಎಂಬ ಆಕ್ಷೇಪವೂ ಉಂಟು. ಕಾರ್ಖಾನೆಗಳು ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಆ ಮಾತು ಸರಿ. ಸಾಮರ್ಥ್ಯದ ಸುಮಾರು ಶೇ 30 ಖಾಲಿ ಬಿದ್ದಿರುವಾಗ ಅದರ ತೂಕ ಕಡಿಮೆ. ಆದರೂ ಸಾಲಕ್ಕೆ ಮಿತಿ ಬೇಕೇ ಬೇಕು: 2024–25ರ ಬಜೆಟ್ಟಿನಲ್ಲಿ 48.21 ಲಕ್ಷ ಕೋಟಿ ವೆಚ್ಚದ ಪೈಕಿ 11.63 ಲಕ್ಷ ಕೋಟಿ ಬಡ್ಡಿಗೇ ಮೀಸಲಾಗಿತ್ತು. ಕೋವಿಡ್ ಬಾರದಿದ್ದರೆ ತೆರಿಗೆ ಕಡಿತ ಫಲ ಕೊಡುತ್ತಿತ್ತು ಎನ್ನುವವರಿದ್ದಾರೆ. ಕೋವಿಡ್‌ನಿಂದ ಉದ್ಯೋಗ ಕುಸಿದದ್ದು ಅರ್ಥವಾಗುತ್ತದೆ. ಆಮೇಲೆ ಲಾಭ ಮಾತ್ರ ಜಿಗಿದು ಉದ್ಯೋಗ ತೆವಳಿದ್ದೇಕೆ ಎಂಬುದಕ್ಕೆ ಅದು ಉತ್ತರವಲ್ಲ.

2025ರ ಜುಲೈನಲ್ಲಿ ಕೇಂದ್ರ ಸಂಪುಟ 99,446 ಕೋಟಿ ರೂಪಾಯಿಯ ಉದ್ಯೋಗ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸದಾಗಿ ಸೇರಿಸಿಕೊಂಡ ಪ್ರತಿ ನೌಕರನ ಲೆಕ್ಕದಲ್ಲಿ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ನೆರವು. ನೇಮಕಾತಿ ಆದರೆ ಮಾತ್ರ ಹಣ ಎಂಬುದರಿಂದ ಇದು 2019ರ ದಾರಿಗಿಂತ ಖಂಡಿತ ಮೇಲು. ಆದರೆ ಮಾಡಿಸಲು ಕೆಲಸವೇ ಇಲ್ಲದಿದ್ದರೆ ಮೂರು ಸಾವಿರದ ಆಸೆಗೆ ಯಾರೂ ಇಡೀ ತಿಂಗಳ ಸಂಬಳ ಕೊಡುವುದಿಲ್ಲ. ಬಜೆಟ್ ಮಂಡನೆಯಾದಾಗ ತೆರಿಗೆ ಎಷ್ಟು ಇಳಿಯಿತು ಎಂದು ಕೇಳುವ ನಾವು, ಆ ಹಣ ಯಾರ ಕೈ ಸೇರಿತು, ಅವರು ಅದನ್ನು ಖರ್ಚು ಮಾಡುತ್ತಾರೋ ಕೂಡಿಡುತ್ತಾರೋ ಎಂದೂ ಕೇಳಬೇಕು. ನಿರುದ್ಯೋಗಿ ಯುವಜನರ ಪಾಲಿಗೆ ಬಜೆಟ್ಟಿನ ಬೆಲೆ ನಿಲ್ಲುವುದು ಆ ಉತ್ತರದ ಮೇಲೆ.